ಸದ್ದನ್ನು ಅಳೆಯುವ ಮೈಕಿನ ಆಯ್ಕೆ

ಬಾನುಲಿ ನಿಲಯದ ಸ್ಟುಡಿಯೋದಲ್ಲಿ ಮಾತುಗಾರರ ಮುಂದೆ ಇರಿಸುವ ಮೈಕು ಎಷ್ಟೇ ಬೆಲೆಬಾಳುವಂಥದ್ದಾಗಿದ್ದರೂ ರಸ್ತೆಯ ಗದ್ದಲವನ್ನೋ ಕಾರ್ಖಾನೆಯ ಅಬ್ಬರವನ್ನೋ ಅಳೆಯುವ ಕೆಲಸಕ್ಕೆ ಒದಗುವುದಿಲ್ಲ. ಪ್ರಸಾರದ ಮೈಕು ಎದುರಿನಿಂದ ಬರುವ ದನಿಯನ್ನು ಹೆಚ್ಚಾಗಿಯೂ ಹಿಂದಿನಿಂದ ಬರುವ ಸದ್ದನ್ನು ಕಡಿಮೆಯಾಗಿಯೂ ಹಿಡಿಯುತ್ತದೆ. ಬಾಯಿಗೆ ಹತ್ತಿರವಾದಷ್ಟೂ ತಗ್ಗಿನ ಸ್ವರಗಳಿಗೆ ಒಂದಿಷ್ಟು ತೂಕ ಸೇರಿಸುತ್ತದೆ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳಲೆಂದು ಕೆಲವು ಸಾವಿರ ಹರ್ಟ್ಸ್‌ಗಳ ಆಸುಪಾಸಿನ ಸ್ವರಗಳನ್ನು ತುಸು ಎತ್ತಿಕೊಡುವುದೂ ಉಂಟು. ಕಿವಿಗೆ ಹಿತವೆನಿಸುವ ಈ ಗುಣಗಳೆಲ್ಲವೂ ಅಳತೆಯ ದೃಷ್ಟಿಯಲ್ಲಿ ತಪ್ಪುಗಳೇ ಆಗುತ್ತವೆ. ಅಳತೆಯ ಮೈಕಿನಿಂದ ಅಪೇಕ್ಷಿಸುವುದು ಒಂದೇ ಸಂಗತಿ: ಗಾಳಿಯಲ್ಲಿ ಉಂಟಾಗುವ ಒತ್ತಡದ ಏರಿಳಿತ ಎಷ್ಟಿದೆಯೋ ಅಷ್ಟಕ್ಕೇ ಸರಿಹೊಂದುವ ವಿದ್ಯುತ್ ಸಂಕೇತವನ್ನು ಅದು ಕೊಡಬೇಕು, ಇಂದು ಕೊಟ್ಟಂತೆಯೇ ಮುಂದಿನ ವರ್ಷವೂ ಕೊಡಬೇಕು, ಮತ್ತು ಆ ಹೊಂದಿಕೆಯನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡುವಂತಿರಬೇಕು.

ಒತ್ತಡವನ್ನು ಅಳೆಯುವ ಮಾನ ಪಾಸ್ಕಲ್. ಆರೋಗ್ಯವಂತ ಕಿವಿಗೆ ಕೇಳಿಸುವ ಅತ್ಯಂತ ಕ್ಷೀಣವಾದ ಸದ್ದು ಸುಮಾರು 20 ಮೈಕ್ರೋಪಾಸ್ಕಲ್ ಒತ್ತಡದ್ದಾಗಿದ್ದು, ಅದನ್ನೇ ಸೊನ್ನೆ ಡೆಸಿಬೆಲ್ ಎಂದು ಹಿಡಿಯಲಾಗಿದೆ. ಅಲ್ಲಿಂದ ಮೇಲಕ್ಕೆ ಪ್ರತಿ 20 ಡೆಸಿಬೆಲ್‌ಗೆ ಒತ್ತಡ ಹತ್ತು ಪಟ್ಟು ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಒಂದು ಪಾಸ್ಕಲ್ ಎಂದರೆ 94 ಡೆಸಿಬೆಲ್. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸುಲಭವಾಗುತ್ತವೆ.

ಅಳತೆಯ ಮೈಕುಗಳಲ್ಲಿ ಬಹುಪಾಲು ಕಂಡೆನ್ಸರ್ ಬಗೆಯವು, ಅಂದರೆ ವಿದ್ಯುತ್ ಧಾರಕದ ತತ್ತ್ವದ ಮೇಲೆ ಕೆಲಸ ಮಾಡುವಂಥವು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಎಡ್ವರ್ಡ್ ವೆಂಟೆ ಎಂಬ ವಿಜ್ಞಾನಿ 1917ರಲ್ಲಿ ಈ ಬಗೆಯ ಮೈಕಿನ ಕುರಿತು ಪ್ರಬಂಧ ಪ್ರಕಟಿಸಿದಾಗ ಅವನ ಲಕ್ಷ್ಯವಿದ್ದದ್ದು ಹಾಡಿನ ಮೇಲಾಗಲಿ ಭಾಷಣದ ಮೇಲಾಗಲಿ ಅಲ್ಲ. ಸದ್ದಿನ ತೀವ್ರತೆಯನ್ನು ನಿಖರವಾಗಿ ಅಳೆಯುವ ಉಪಕರಣ ಅವನಿಗೆ ಬೇಕಾಗಿತ್ತು. ಆ ಕಾಲದ ಟೆಲಿಫೋನುಗಳಲ್ಲಿದ್ದ ಇದ್ದಿಲ ಕಣಗಳ ಮೈಕು ಈ ಕ್ಷಣ ಒಂದು ರೀತಿ, ಮರುಕ್ಷಣ ಇನ್ನೊಂದು ರೀತಿ ವರ್ತಿಸುತ್ತಿದ್ದುದರಿಂದ ಅಂಥ ಕೆಲಸಕ್ಕೆ ಅದನ್ನು ನೆಚ್ಚುವಂತಿರಲಿಲ್ಲ. ಸ್ಟುಡಿಯೋಗಳ ಪ್ರತಿಷ್ಠಿತ ಮೈಕುಗಳಲ್ಲಿ ಅನೇಕವು ಅಳತೆಗೆಂದೇ ಹುಟ್ಟಿದ ಈ ಉಪಕರಣದ ಸಂತತಿ ಎಂಬುದನ್ನು ಗಾಯಕರಲ್ಲಿ ಹೆಚ್ಚಿನವರು ತಿಳಿದಿರಲಾರರು.

ಈ ಮೈಕಿನ ರಚನೆ ಸರಳ, ತಯಾರಿಕೆ ಮಾತ್ರ ಕಠಿಣ. ಕೆಲವೇ ಮೈಕ್ರೋಮೀಟರ್ ದಪ್ಪದ ಲೋಹದ ಪೊರೆಯೊಂದನ್ನು ಮೃದಂಗದ ಚರ್ಮದಂತೆ ಬಿಗಿದು, ಅದರ ಹಿಂದೆ ಸುಮಾರು 20 ಮೈಕ್ರೋಮೀಟರ್ ಅಂತರದಲ್ಲಿ ಗಟ್ಟಿಯಾದ ತಟ್ಟೆಯೊಂದನ್ನು ನಿಲ್ಲಿಸಿ, ಎರಡರ ನಡುವೆ 200 ವೋಲ್ಟ್ ಸ್ಥಿರ ವಿದ್ಯುತ್ತನ್ನು ಕೊಡಲಾಗುತ್ತದೆ. ಸದ್ದು ಬಂದಾಗ ಪೊರೆ ನಡುಗಿ ಅಂತರ ಹೆಚ್ಚುಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಕೂಡ ಏರಿಳಿಯುತ್ತದೆ. ಅರ್ಧ ಅಂಗುಲ ವ್ಯಾಸದ ಸಾಮಾನ್ಯ ಅಳತೆಯ ಮೈಕು ಒಂದು ಪಾಸ್ಕಲ್ ಒತ್ತಡಕ್ಕೆ 50 ಮಿಲಿವೋಲ್ಟ್ ಸಂಕೇತ ಕೊಡುತ್ತದೆ. ಇದಕ್ಕೆ ಮೈಕಿನ ಸಂವೇದನೆ ಎಂದು ಹೆಸರು. 200 ವೋಲ್ಟಿನಲ್ಲಿ 50 ಮಿಲಿವೋಲ್ಟ್ ಎಂದರೆ ನಾಲ್ಕು ಸಾವಿರದಲ್ಲಿ ಒಂದು ಪಾಲು. ಅಂತರವಿರುವುದೇ 20 ಮೈಕ್ರೋಮೀಟರ್ ಆದ್ದರಿಂದ, ಲಾರಿಯೊಂದು ಪಕ್ಕದಲ್ಲೇ ಅಬ್ಬರಿಸಿಕೊಂಡು ಹೋದಾಗಲೂ ಪೊರೆ ಅಲುಗುವುದು ಸುಮಾರು ಐದು ನ್ಯಾನೋಮೀಟರಿನಷ್ಟು, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಭಾಗ. ಇಷ್ಟು ಸೂಕ್ಷ್ಮವಾದ ಚಲನೆಯನ್ನು ವರ್ಷಗಟ್ಟಲೆ ಒಂದೇ ಸಮನಾಗಿ ಹಿಡಿಯಬೇಕೆಂಬ ಕಾರಣಕ್ಕಾಗಿಯೇ ಈ ಮೈಕುಗಳ ಬೆಲೆ ಮೇಲ್ಮಟ್ಟದಲ್ಲಿರುತ್ತದೆ.

ಆಯ್ಕೆಯ ಪ್ರಶ್ನೆ ಆರಂಭವಾಗುವುದು ಇಲ್ಲಿಂದ. ಮೈಕುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಇವುಗಳಲ್ಲಿ ಉತ್ತಮವಾದದ್ದು ಯಾವುದು ಎಂದು ಕೇಳುವುದು ರೂಢಿಯಾದರೂ ಆ ಪ್ರಶ್ನೆಗೆ ಉತ್ತರವಿಲ್ಲ. ಅಳೆಯಬೇಕಾದ ಸದ್ದು ಎಷ್ಟು ಮೆಲ್ಲನೆಯದು ಅಥವಾ ಎಷ್ಟು ಜೋರಿನದು, ಅದು ಯಾವ ದಿಕ್ಕಿನಿಂದ ಬರುತ್ತದೆ, ಮೈಕು ಎಂಥ ಹವೆಯಲ್ಲಿ ನಿಲ್ಲಬೇಕಾಗಿದೆ ಎಂಬುದನ್ನು ಮೊದಲು ತೀರ್ಮಾನಿಸಿದರೆ ಪಟ್ಟಿಯಲ್ಲಿನ ಹೆಸರುಗಳು ತಾವಾಗಿಯೇ ಅಳಿಯುತ್ತ ಬಂದು ಒಂದೆರಡು ಉಳಿಯುತ್ತವೆ.

ಮೊದಲನೆಯದಾಗಿ ಮೆಲ್ಲನೆಯ ಸದ್ದಿನ ಸಂಗತಿಯನ್ನು ನೋಡಬಹುದು. ಭಾರತದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ವಾಸದ ಪ್ರದೇಶಗಳಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ 40. ಇವು ಎ-ತೂಕದ ಡೆಸಿಬೆಲ್‌ಗಳು, ಅಂದರೆ ತಗ್ಗಿನ ಸ್ವರಗಳಿಗೆ ಮನುಷ್ಯನ ಕಿವಿ ಮಂದವಾಗಿರುವುದನ್ನು ಗಣನೆಗೆ ತೆಗೆದುಕೊಂಡು ಅವುಗಳ ಪಾಲನ್ನು ಇಳಿಸಿ ಮಾಡಿದ ಲೆಕ್ಕ. 100 ಹರ್ಟ್ಸ್‌ನ ಗುಂಯ್‌ಗುಡುವಿಕೆಯಲ್ಲಿ 19 ಡೆಸಿಬೆಲ್‌ಗಳಷ್ಟನ್ನು ಈ ಲೆಕ್ಕ ಕಳೆದುಬಿಡುತ್ತದೆ. ನೆರೆಮನೆಯ ಪಂಪುಸೆಟ್ಟಿನ ಸದ್ದು ಮಲಗುವ ಕೋಣೆಯೊಳಗೆ 35 ಡೆಸಿಬೆಲ್ ಇದೆಯೆಂದು ಭಾವಿಸಿದರೆ, ಅದನ್ನು ಕಾಲಂಗುಲದ ಮೈಕಿನಿಂದ ಅಳೆಯಹೊರಡುವುದು ವ್ಯರ್ಥ. ಎಲ್ಲ ಮೈಕುಗಳಲ್ಲಿಯೂ ಸಂಪೂರ್ಣ ಮೌನದಲ್ಲಿಯೂ ಇರುವ ಒಂದು ಸ್ವಂತ ಸದ್ದು ಉಂಟು. ಪೊರೆಗೆ ಬಡಿಯುವ ಗಾಳಿಯ ಅಣುಗಳಿಂದ ಮತ್ತು ಅದರ ಹಿಂದಿನ ಪ್ರವರ್ಧಕದಿಂದ ಹುಟ್ಟುವ ಈ ಸದ್ದು ಕಾಲಂಗುಲದ ಮೈಕಿನಲ್ಲಿ ಸುಮಾರು 40 ಡೆಸಿಬೆಲ್‌ನಷ್ಟಿರುತ್ತದೆ. 35ಕ್ಕೆ 40 ಸೇರಿದಾಗ ಮಾಪಕ ತೋರಿಸುವುದು 41. ಅರ್ಧ ಅಂಗುಲದ ಮೈಕಿನ ಸ್ವಂತ ಸದ್ದು ಹದಿನೈದರ ಆಸುಪಾಸಿನದು, ಒಂದಂಗುಲದ್ದರಲ್ಲಿ ಅದು ಇನ್ನೂ ಕಡಿಮೆ. ಅಳೆಯುವ ಸದ್ದಿಗಿಂತ ಮೈಕಿನ ಸದ್ದು ಹತ್ತು ಡೆಸಿಬೆಲ್ ಕೆಳಗಿದ್ದರೆ ಅಳತೆಗೆ ಸೇರುವ ತಪ್ಪು ಅರ್ಧ ಡೆಸಿಬೆಲ್‌ಗಿಂತ ಕಡಿಮೆ ಎಂಬ ಲೆಕ್ಕದ ಮೇಲೆ, ಮನೆಯೊಳಗಿನ ಅಳತೆಗಳಿಗೆ ಅರ್ಧ ಅಂಗುಲದ್ದೇ ಸಾಕು.

ಜೋರಿನ ಸದ್ದಿನಲ್ಲಿ ಪರಿಸ್ಥಿತಿ ತಿರುವುಮುರುವಾಗುತ್ತದೆ. ಪಟಾಕಿಗಳು ಸಿಡಿದ ಸ್ಥಳದಿಂದ 4 ಮೀಟರ್ ದೂರದಲ್ಲಿ ಸಿ-ತೂಕದ ಲೆಕ್ಕದಲ್ಲಿ 145 ಡೆಸಿಬೆಲ್ ಶಿಖರ ಒತ್ತಡವನ್ನು ಮೀರಬಾರದೆಂದು ನಮ್ಮ ನಿಯಮ ಹೇಳುತ್ತದೆ. ಸಿ-ತೂಕವೆಂದರೆ ತಗ್ಗಿನ ಸ್ವರಗಳನ್ನು ಹೆಚ್ಚಾಗಿ ಕಳೆಯದ ಲೆಕ್ಕ, ಶಿಖರ ಒತ್ತಡವೆಂದರೆ ಸರಾಸರಿಯಲ್ಲದೆ ಸ್ಫೋಟದ ಒಂದು ಕ್ಷಣದ ಅತ್ಯುಚ್ಚ ಮಟ್ಟ. 145 ಡೆಸಿಬೆಲ್ ಎಂದರೆ ಸುಮಾರು 356 ಪಾಸ್ಕಲ್. ಪಾಸ್ಕಲ್ಲಿಗೆ 50 ಮಿಲಿವೋಲ್ಟ್ ಕೊಡುವ ಅರ್ಧ ಅಂಗುಲದ ಮೈಕನ್ನು ಅಲ್ಲಿ ನಿಲ್ಲಿಸಿದರೆ ಹುಟ್ಟಬೇಕಾದ ಸಂಕೇತ ಹದಿನೆಂಟು ವೋಲ್ಟಿನ ಹತ್ತಿರಕ್ಕೆ ಬರುತ್ತದೆ, ಆದರೆ ಒಂದೇ ಕೇಬಲ್ಲಿನ ಮೂಲಕ ವಿದ್ಯುತ್ ಪಡೆದು ಅದರಲ್ಲೇ ಸಂಕೇತ ಕಳಿಸುವ ಸಾಮಾನ್ಯ ಬಗೆಯ ಪ್ರವರ್ಧಕಗಳು ಹತ್ತು ವೋಲ್ಟಿನೊಳಗೇ ಸುಸ್ತಾಗಿ ತುದಿಯನ್ನು ಕತ್ತರಿಸಿಬಿಡುತ್ತವೆ. ಪೊರೆಯೂ ಆ ಮಟ್ಟದಲ್ಲಿ ಸರಾಗವಾಗಿ ಅಲುಗುವ ಮಿತಿಯ ಅಂಚಿಗೆ ಬಂದಿರುತ್ತದೆ. ಪರಿಣಾಮವಾಗಿ ಮಿತಿ ಮೀರಿದ ಪಟಾಕಿ ಮಾಪಕದಲ್ಲಿ ಸಭ್ಯವಾಗಿ ಕಾಣುತ್ತದೆ. ಅದೇ ಸ್ಥಳದಲ್ಲಿ ಪಾಸ್ಕಲ್ಲಿಗೆ 4 ಮಿಲಿವೋಲ್ಟ್ ಕೊಡುವ ಕಾಲಂಗುಲದ ಮೈಕಿದ್ದರೆ ಸಂಕೇತ ಒಂದೂವರೆ ವೋಲ್ಟನ್ನೂ ಮುಟ್ಟದೆ ಸಲೀಸಾಗಿ ದಾಖಲಾಗುತ್ತದೆ. ಗಮನಿಸಬೇಕಾದ ಮಾತೆಂದರೆ, ಈ ಎರಡು ತಪ್ಪುಗಳ ದಿಕ್ಕು ಬೇರೆಬೇರೆ: ಸಣ್ಣ ಮೈಕು ಮಲಗುವ ಕೋಣೆಯಲ್ಲಿ ಇಲ್ಲದ ಗದ್ದಲವನ್ನು ಹುಟ್ಟಿಸುತ್ತದೆ, ದೊಡ್ಡ ಮೈಕು ಸ್ಫೋಟದ ಮುಂದೆ ಇರುವ ಗದ್ದಲವನ್ನು ಮುಚ್ಚುತ್ತದೆ. ದೂರು ಕೊಟ್ಟವನಿಗೆ ಒಂದು ಅನುಕೂಲ, ದೂರಿಗೆ ಗುರಿಯಾದವನಿಗೆ ಇನ್ನೊಂದು.

ಇದಕ್ಕಿಂತಲೂ ತೀವ್ರವಾದ ಸಂದರ್ಭ ಬೆಂಗಳೂರಿನಲ್ಲಿಯೇ ಇದೆ. ರಾಕೆಟ್ ಮೇಲೇಳುವಾಗ ಅದರ ಸದ್ದೇ ಅದರ ಭಾಗಗಳನ್ನು ಅಲುಗಿಸಿ ಹಾಳುಮಾಡಬಲ್ಲುದಾದ್ದರಿಂದ, ಉಡಾವಣಾ ವಾಹನಗಳ ಮತ್ತು ಉಪಗ್ರಹಗಳ ಭಾಗಗಳನ್ನು ಮುಂಚಿತವಾಗಿಯೇ ಅಂಥ ಸದ್ದಿಗೆ ಒಡ್ಡಿ ಪರೀಕ್ಷಿಸುವ ಅನುರಣನ ಕೋಣೆಯೊಂದು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯಲ್ಲಿದೆ. ಅನುರಣನ ಕೋಣೆಯೆಂದರೆ ಗೋಡೆಗಳು ಸದ್ದನ್ನು ಹೀರದೆ ಮತ್ತೆ ಮತ್ತೆ ಮರಳಿಸಿ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ತುಂಬಿಸುವ ಕೋಣೆ. ಅಲ್ಲಿನ ಮಟ್ಟ 150 ಡೆಸಿಬೆಲ್‌ಗಳನ್ನು ದಾಟುತ್ತದೆ. 154 ಡೆಸಿಬೆಲ್ ಎಂದರೆ ಸಾವಿರ ಪಾಸ್ಕಲ್. ಅರ್ಧ ಅಂಗುಲದ ಸೂಕ್ಷ್ಮ ಮೈಕು ಅಲ್ಲಿ 50 ವೋಲ್ಟ್ ಕಕ್ಕಬೇಕಾಗುತ್ತದೆಯಾದ್ದರಿಂದ ಅದರ ಮಾತೇ ಬರುವಂತಿಲ್ಲ. ಕಾಲಂಗುಲದ ಅಥವಾ ಅದಕ್ಕಿಂತ ಚಿಕ್ಕದಾದ ಬಿಗಿಯಾದ ಪೊರೆಯ ಮೈಕುಗಳಿಗೆ ಮಾತ್ರ ಅಲ್ಲಿ ಸ್ಥಾನ.

ಗಾತ್ರ ನಿಶ್ಚಯವಾದ ಮೇಲೆ ದಿಕ್ಕಿನ ಪ್ರಶ್ನೆ ಬರುತ್ತದೆ. ಇದು ಹೊಸಬರಿಗೆ ಅತ್ಯಂತ ಗೊಂದಲವುಂಟುಮಾಡುವ ಭಾಗ. ಸದ್ದಿನ ಅಲೆಯ ಉದ್ದ, ಅಂದರೆ ತರಂಗದೂರ, 1000 ಹರ್ಟ್ಸ್‌ನಲ್ಲಿ ಸುಮಾರು 34 ಸೆಂಟಿಮೀಟರ್ ಇರುವುದರಿಂದ ಅರ್ಧ ಅಂಗುಲದ ಮೈಕು ಅದಕ್ಕೆ ಅಡ್ಡಿಯೇ ಅಲ್ಲ. ಆದರೆ 10,000 ಹರ್ಟ್ಸ್‌ನಲ್ಲಿ ಅಲೆ ಮೂರೂವರೆ ಸೆಂಟಿಮೀಟರಿಗೆ ಇಳಿಯುತ್ತದೆ, ಆಗ ಮೈಕಿನ ಮೈಯೇ ಅಲೆಯನ್ನು ತಡೆದು ಪೊರೆಯ ಮುಂದೆ ಒತ್ತಡವನ್ನು ಕೆಲವು ಡೆಸಿಬೆಲ್‌ಗಳಷ್ಟು ಏರಿಸುತ್ತದೆ. ಅಳೆಯಲೆಂದು ಮೈಕನ್ನು ತಂದಿಟ್ಟದ್ದರಿಂದಲೇ ಅಳತೆ ಬದಲಾಗುತ್ತದೆ. ಈ ಏರಿಕೆಯನ್ನು ಮೊದಲೇ ಕಳೆದು, ಮೈಕು ಇಲ್ಲದಿದ್ದರೆ ಆ ಜಾಗದಲ್ಲಿ ಎಷ್ಟು ಒತ್ತಡವಿರುತ್ತಿತ್ತೋ ಅಷ್ಟನ್ನೇ ತೋರಿಸುವಂತೆ ಹದಗೊಳಿಸಿದ್ದು ಮುಕ್ತಕ್ಷೇತ್ರದ ಮೈಕು. ಅದನ್ನು ಸದ್ದಿನ ಮೂಲಕ್ಕೆ ನೇರವಾಗಿ ಮುಖಮಾಡಿಸಿ ಹಿಡಿಯಬೇಕು. ಪೊರೆಯ ಮೇಲೆ ವಾಸ್ತವವಾಗಿ ಬಿದ್ದ ಒತ್ತಡವನ್ನೇ ತೋರಿಸುವುದು ಒತ್ತಡ ಬಗೆಯ ಮೈಕು. ಶ್ರವಣಯಂತ್ರಗಳನ್ನು ಪರೀಕ್ಷಿಸುವ ಪುಟ್ಟ ಕುಹರಗಳೊಳಗೆ ಅಥವಾ ಗೋಡೆಯ ಮೇಲ್ಮೈಗೆ ಸಮವಾಗಿ ಹುದುಗಿಸುವಲ್ಲಿ ಅದರ ಬಳಕೆ. ಎಲ್ಲ ದಿಕ್ಕುಗಳಿಂದಲೂ ಸದ್ದು ನುಗ್ಗುವ ಅನುರಣನ ಕೋಣೆ, ಜವಳಿ ಗಿರಣಿಯ ಮಗ್ಗಗಳ ಸಾಲು, ರೈಲು ನಿಲ್ದಾಣದ ಒಳಾಂಗಣ ಇಂಥ ಕಡೆಗಳಿಗೆ ಸರ್ವದಿಕ್ಕುಗಳ ಸರಾಸರಿಗೆ ಹೊಂದಿಸಿದ ಮೂರನೆಯ ಬಗೆ ಇದೆ.

ವಿಮಾನದ ಸದ್ದಿನ ವಿಷಯದಲ್ಲಿ ಈ ಭೇದ ಕಾಗದದ ಮೇಲಿನ ಮಾತಾಗಿ ಉಳಿಯುವುದಿಲ್ಲ. ಹೊಸ ಮಾದರಿಯ ವಿಮಾನಕ್ಕೆ ಶಬ್ದದ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಕ್ರಮದಲ್ಲಿ ಮೈಕನ್ನು ನೆಲದಿಂದ 1.2 ಮೀಟರ್ ಎತ್ತರದಲ್ಲಿಟ್ಟು, ಅದರ ಪೊರೆ ವಿಮಾನದ ಹಾದಿಯ ಸಮತಲದಲ್ಲಿಯೇ ಇರುವಂತೆ ಓರೆಗೊಳಿಸಲಾಗುತ್ತದೆ. ವಿಮಾನ ಎಲ್ಲಿಂದ ಎಲ್ಲಿಗೆ ಸಾಗಿದರೂ ಸದ್ದು ಪೊರೆಯನ್ನು ಸವರಿಕೊಂಡೇ ಹೋಗುವುದರಿಂದ ಕೋನ ಬದಲಾಗುವ ತೊಡಕೇ ಇರುವುದಿಲ್ಲ. ಇದಕ್ಕೆ ಪ್ರತಿಯಾಗಿ, ನಗರದ ಮನೆಯೊಂದರ ಮಾಳಿಗೆಯಲ್ಲಿ ಆಕಾಶಕ್ಕೆ ಮುಖಮಾಡಿ ನಿಂತ ಮೈಕಿಗೆ ರಸ್ತೆಯ ಸದ್ದು ಪಕ್ಕದಿಂದ ತಾಗಿದರೆ ವಿಮಾನದ ಸದ್ದು ನೆತ್ತಿಯಿಂದ ಬೀಳುತ್ತದೆ. ಎರಡಕ್ಕೂ ಬೇಕಾದ ತಿದ್ದುಪಡಿ ಬೇರೆಯಾದ್ದರಿಂದ, ಯಾವುದಕ್ಕಾಗಿ ಆ ಮೈಕು ನಿಂತಿದೆ ಎಂಬುದನ್ನು ಅಳವಡಿಸುವವರು ಮೊದಲೇ ಮಾಪಕಕ್ಕೆ ತಿಳಿಸಬೇಕಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಆರಂಭಿಸಿದ ಶಬ್ದ ನಿಗಾ ಜಾಲದಂಥ ಎಡೆಬಿಡದ ಅಳತೆಯಲ್ಲಿ, ಕೈಯಲ್ಲಿ ಹಿಡಿದ ಮಾಪಕವನ್ನು ಅತ್ತಿತ್ತ ತಿರುಗಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಹವೆ ಕೂಡ ಆಯ್ಕೆಯಲ್ಲಿ ಮಾತಾಡುತ್ತದೆ. ಹೊರಗಿನಿಂದ 200 ವೋಲ್ಟ್ ಕೊಡುವ ಮೈಕಿನ ಆ 20 ಮೈಕ್ರೋಮೀಟರ್ ಸಂದಿನಲ್ಲಿ ತೇವ ಕಟ್ಟಿಕೊಂಡರೆ ವಿದ್ಯುತ್ತು ಅಲ್ಲಿಯೇ ಸೋರಿ ಚಟಚಟ ಸದ್ದು ಹುಟ್ಟುತ್ತದೆ. ಜೂನ್ ಜುಲೈ ತಿಂಗಳ ಮಂಗಳೂರು, ಕಾರವಾರಗಳಲ್ಲಿ ಹವಾನಿಯಂತ್ರಿತ ಕೋಣೆಯಿಂದ ಮೈಕನ್ನು ಹೊರಕ್ಕೆ ತಂದ ಕೂಡಲೇ ಇದು ಸಂಭವಿಸಬಹುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಅವರು 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕು ಇದಕ್ಕೆ ಪರಿಹಾರ ಒದಗಿಸಿತು. ಎಲೆಕ್ಟ್ರೆಟ್ ಎಂದರೆ ವಿದ್ಯುದಾವೇಶವನ್ನು ಕಾಯಮ್ಮಾಗಿ ತನ್ನೊಳಗೆ ಹಿಡಿದಿಟ್ಟುಕೊಂಡ ಪಾಲಿಮರ್ ಪದರ; ಅಳತೆಯ ಮೈಕುಗಳಲ್ಲಿ ಅದನ್ನು ಹಿಂದಿನ ತಟ್ಟೆಗೆ ಲೇಪಿಸಿರುತ್ತಾರೆ. ಹೊರಗಿನ 200 ವೋಲ್ಟ್ ಬೇಡವಾದ್ದರಿಂದ ತೇವದ ಕಾಟ ಕಡಿಮೆ, ಕಾರ್ಖಾನೆಗಳಲ್ಲಿ ಯಂತ್ರಗಳ ನಡುಕವನ್ನು ಅಳೆಯಲು ಆಗಲೇ ಹಾಸಿರುವ ಸಾಮಾನ್ಯ ಕೇಬಲ್ಲುಗಳಿಗೇ ಇದನ್ನು ಜೋಡಿಸಬಹುದು. ಆದರೆ ಎಂಜಿನ್ನಿನ ಪಕ್ಕದಂಥ ಸುಡುವ ಜಾಗಗಳಲ್ಲಿ ಈ ಆವೇಶ ಮೆಲ್ಲನೆ ಕರಗುವ ಭಯವಿರುವುದರಿಂದ ಅಲ್ಲಿ ಹಳೆಯ ಬಗೆಯೇ ಹೆಚ್ಚು ವಿಶ್ವಾಸಾರ್ಹ. ಕರಾವಳಿಯಲ್ಲಿ ಎಲೆಕ್ಟ್ರೆಟ್ ಬಿಟ್ಟು ಬೇರೆಯದನ್ನು ಕೊಳ್ಳುವುದಕ್ಕೆ ಬಲವಾದ ಕಾರಣವಿರಬೇಕು. ಹೊರಾಂಗಣದಲ್ಲಿ ಗಾಳಿಯ ರಭಸವೇ ಸದ್ದಾಗಿ ದಾಖಲಾಗದಂತೆ ಸುಮಾರು ಒಂಬತ್ತು ಸೆಂಟಿಮೀಟರ್ ವ್ಯಾಸದ ಸ್ಪಂಜಿನ ಗೋಳವನ್ನು ಮೈಕಿಗೆ ತೊಡಿಸುವುದು ಕಡ್ಡಾಯ. ಕಾಯಂ ಠಾಣೆಗಳಲ್ಲಿ ಹಕ್ಕಿಗಳು ಬಂದು ಕೂರದಂತೆ ಅದರ ನೆತ್ತಿಗೆ ಮುಳ್ಳುಕಡ್ಡಿಗಳನ್ನೂ ಸಿಗಿಸಿರುತ್ತಾರೆ.

ಮಾಪಕಗಳ ದರ್ಜೆಯ ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಐಇಸಿ 61672 ಎಂಬ ಅಂತರರಾಷ್ಟ್ರೀಯ ಮಾನಕ ಶಬ್ದಮಾಪಕಗಳನ್ನು ಒಂದನೆಯ ಮತ್ತು ಎರಡನೆಯ ದರ್ಜೆಗಳೆಂದು ವಿಂಗಡಿಸುತ್ತದೆ. 1000 ಹರ್ಟ್ಸ್‌ನಲ್ಲಿ ಮೊದಲನೆಯದಕ್ಕೆ 0.7 ಡೆಸಿಬೆಲ್, ಎರಡನೆಯದಕ್ಕೆ ಒಂದು ಡೆಸಿಬೆಲ್‌ನಷ್ಟು ಹೆಚ್ಚುಕಡಿಮೆ ಸಲ್ಲುತ್ತದೆ. ನಿಜವಾದ ಅಂತರ ಕಾಣುವುದು ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರಗಳಲ್ಲಿ. ನ್ಯಾಯಾಲಯದ ಮುಂದೆ ಬರಬಹುದಾದ ಅಳತೆಗೆ ಒಂದನೆಯ ದರ್ಜೆ ಕ್ಷೇಮ, ಕಾರ್ಖಾನೆಯ ದೈನಂದಿನ ತಪಾಸಣೆಗೆ ಎರಡನೆಯದು ಸಾಲುತ್ತದೆ. ಮೊಬೈಲ್ ಫೋನಿನೊಳಗೆ ಸಿಲಿಕಾನ್ ತುಣುಕಿನಲ್ಲಿ ಕೊರೆದ ಮೈಕು ಸ್ವತಃ ಕಳಪೆಯೇನಲ್ಲ; ನ್ಯೂಯಾರ್ಕ್ ನಗರದ ಗದ್ದಲದ ಮೇಲೆ ನಿಗಾ ಇಟ್ಟ ವಿಶ್ವವಿದ್ಯಾಲಯದ ಯೋಜನೆಯೊಂದು ಅದೇ ಬಗೆಯ ಮೈಕುಗಳನ್ನು ಬಳಸಿದೆ. ತೊಡಕಿರುವುದು ಫೋನಿನಲ್ಲಿ: ಮಾತನ್ನು ಉಳಿಸಿ ಹಿನ್ನೆಲೆಯ ಸದ್ದನ್ನು ಅಡಗಿಸುವುದೇ ಅದರ ತಂತ್ರಾಂಶದ ಕೆಲಸವಾಗಿರುವಾಗ ಆ ಹಿನ್ನೆಲೆಯನ್ನೇ ಅಳೆಯಲು ಅದನ್ನು ಬಳಸುವುದು ವಿಚಿತ್ರವೇ ಸರಿ.

ಇಷ್ಟೆಲ್ಲ ಎಚ್ಚರದಿಂದ ಆರಿಸಿದ ಮೈಕನ್ನು ತಂದು ಗೋಡೆಗೆ ಆನಿಸಿಟ್ಟರೆ, ಗೋಡೆಯಿಂದ ಮರಳುವ ಸದ್ದು ಸೇರಿ ಮೂರರಿಂದ ಆರು ಡೆಸಿಬೆಲ್‌ಗಳ ಸುಳ್ಳು ಏರಿಕೆ ಬರುತ್ತದೆ. ಗೋಡೆಗಳಿಂದ ಕನಿಷ್ಠ ಮೂರೂವರೆ ಮೀಟರ್ ದೂರ, ನೆಲದಿಂದ 1.2ರಿಂದ 1.5 ಮೀಟರ್ ಎತ್ತರ ಎಂಬುದು ರೂಢಿಯ ಕ್ರಮ.

ಕೊನೆಯದಾಗಿ ಮೈಕಿನ ಜೊತೆಗೇ ಕೊಳ್ಳಬೇಕಾದ ಇನ್ನೊಂದು ಉಪಕರಣದ ಮಾತು. ಕ್ಯಾಲಿಬ್ರೇಟರ್ ಎಂಬ ಈ ಪುಟ್ಟ ಸಾಧನವನ್ನು ಮೈಕಿನ ತಲೆಗೆ ತೊಡಿಸಿದರೆ ಅದು 1000 ಹರ್ಟ್ಸ್‌ನಲ್ಲಿ ಖಚಿತವಾಗಿ 94 ಡೆಸಿಬೆಲ್‌ನ ಸ್ವರವನ್ನು ಕೊಡುತ್ತದೆ, ಮಾಪಕ ಅಷ್ಟನ್ನೇ ತೋರಿಸುತ್ತದೆಯೋ ಇಲ್ಲವೋ ನೋಡಿಕೊಳ್ಳಬಹುದು. ಹಣ ಸೀಮಿತವಾಗಿದ್ದ ಕಡೆ ಕ್ಯಾಲಿಬ್ರೇಟರ್ ಇಲ್ಲದ ಒಂದನೆಯ ದರ್ಜೆಯ ಮಾಪಕಕ್ಕಿಂತ ಕ್ಯಾಲಿಬ್ರೇಟರ್ ಸಹಿತವಾದ ಎರಡನೆಯ ದರ್ಜೆಯ ಮಾಪಕವೇ ಮೇಲು. ಪಿಸ್ಟನ್‌ಫೋನ್ ಎಂಬ ಹಳೆಯ ಬಗೆಯಲ್ಲಿ ಪುಟ್ಟ ಪಿಸ್ಟನ್ನುಗಳು ಮುಚ್ಚಿದ ಕುಹರದ ಗಾಳಿಯನ್ನು 250 ಹರ್ಟ್ಸ್‌ನಲ್ಲಿ ಒತ್ತುತ್ತವೆ. ಅದು ಕೊಡುವ ಮಟ್ಟ ವಾಯುಮಂಡಲದ ಒತ್ತಡವನ್ನು ಅವಲಂಬಿಸಿರುವುದರಿಂದ, ಸಮುದ್ರಮಟ್ಟದ ಮಂಗಳೂರಿನಲ್ಲಿ ಸರಿಯಾಗಿದ್ದದ್ದು ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 0.9 ಡೆಸಿಬೆಲ್ ಕಡಿಮೆ ಕೊಡುತ್ತದೆ. ಒಂದನೆಯ ದರ್ಜೆಯ ಮಾಪಕಕ್ಕೆ ಸಲ್ಲುವ ತಪ್ಪಿಗಿಂತಲೂ ಇದು ಹೆಚ್ಚು. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಒಂದು ವಾಯುಭಾರಮಾಪಕವನ್ನೂ ಇಟ್ಟಿರುತ್ತಾರೆ. ಕ್ಯಾಲಿಬ್ರೇಟರನ್ನು ಕೂಡ ಕಾಲಕಾಲಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿಕೊಳ್ಳಬೇಕು. ಆ ಸರಪಳಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿರುವ ದೇಶದ ಮೂಲಮಾನದವರೆಗೆ ಹೋಗಿ ಮುಟ್ಟುತ್ತದೆ. ಅಳತೆಗೆ ಹೊರಟವರು ಕೆಲಸದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕ್ಯಾಲಿಬ್ರೇಟರ್ ತೊಡಿಸಿ ಎರಡೂ ಅಂಕಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಎರಡರ ನಡುವೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚಿನ ವ್ಯತ್ಯಾಸ ಕಂಡುಬಂದರೆ ನಡುವೆ ದಾಖಲಿಸಿದ್ದನ್ನೆಲ್ಲ ಬದಿಗಿಟ್ಟು ಇನ್ನೊಮ್ಮೆ ಅಳೆಯುತ್ತಾರೆ.